ಕಾಮಾಲೆ ಇಳಿದರೂ ಬಿಡದ ಬೇನೆ

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬುದು ಗಾದೆ. ವೈದ್ಯಶಾಸ್ತ್ರದ ಚರಿತ್ರೆಗೂ ಈ ಮಾತು ಒಂದು ಬಗೆಯಲ್ಲಿ ಒಪ್ಪುತ್ತದೆ. ಕಣ್ಣು ಹಳದಿಯಾದವರನ್ನೆಲ್ಲ ಒಂದೇ ರೋಗದವರೆಂದು ಬಹುಕಾಲ ಎಣಿಸಲಾಗುತ್ತಿತ್ತು. ಆದರೆ ಕಾಮಾಲೆ ರೋಗದ ಹೆಸರಲ್ಲ, ರೋಗದ ಸೂಚನೆ ಮಾತ್ರ. ರಕ್ತದಲ್ಲಿರುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಹೊರಹಾಕುವುದು ಯಕೃತ್ತಿನ ಕೆಲಸ. ಆ ಕೆಲಸ ಕೆಟ್ಟಾಗ ಕಣ್ಣು, ಚರ್ಮ, ಮೂತ್ರ ಹಳದಿಯಾಗುತ್ತವೆ. ಏಕೆ ಕೆಟ್ಟಿತು ಎಂಬ ಪ್ರಶ್ನೆಗೆ ಉತ್ತರ ಹತ್ತಾರು.

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಬಂಡೆಬೆಟ್ಟಗಳ ಬಯಲುಸೀಮೆ. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟ ಮೂಲಿಕೆಗಳಿಗೆ ಹೆಸರಾದ ತಾಣ. ನಾಡಿನ ಇತರೆಡೆಗಳಂತೆ ಈ ಸೀಮೆಯಲ್ಲೂ ಕಾಮಾಲೆಯೆಂದರೆ ಮೊದಲು ನೆನಪಾಗುವುದು ನೆಲನೆಲ್ಲಿಯ ರಸ, ಉಪ್ಪು-ಹುಳಿ-ಎಣ್ಣೆ ಬಿಟ್ಟ ಪಥ್ಯ, ಕೆಲವೆಡೆ ಬರೆ. ಈ ನಂಬಿಕೆ ಸುಮ್ಮನೆ ಬೆಳೆದದ್ದಲ್ಲ. ಕೊಳಕು ನೀರಿನಿಂದ ಹರಡುವ ‘ಎ’ ಮತ್ತು ‘ಇ’ ವೈರಸ್‌ಗಳ ಕಾಮಾಲೆ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಇಳಿದ ಕಾಮಾಲೆಯ ಕೀರ್ತಿ ಕೊಟ್ಟ ಮದ್ದಿಗೆ ಸಲ್ಲುತ್ತದೆ.

ಯಕೃತ್ತಿನ ಇನ್ನೊಂದು ರೋಗವಿದೆ. ಅದರಲ್ಲಿಯೂ ಕಾಮಾಲೆ ಬರುತ್ತದೆ, ಕೆಲವೊಮ್ಮೆ ತಾನಾಗಿಯೇ ಇಳಿಯುತ್ತದೆ. ಆದರೆ ಬೇನೆ ಇಳಿದಿರುವುದಿಲ್ಲ. ಮೈಮೇಲೆ ಬರುವ ರೋಗಾಣುಗಳನ್ನು ಎದುರಿಸಬೇಕಾದ ರೋಗನಿರೋಧಕ ವ್ಯವಸ್ಥೆಯೇ ಯಕೃತ್ತಿನ ಜೀವಕೋಶಗಳನ್ನು ಶತ್ರುವೆಂದು ಬಗೆದು ಒಳಗೊಳಗೇ ತಿನ್ನುತ್ತಿರುತ್ತದೆ. ವರ್ಷಗಳು ಕಳೆದಂತೆ ಯಕೃತ್ತು ಗಾಯದ ಕಲೆಗಳಿಂದ ಗಟ್ಟಿಯಾಗುತ್ತದೆ. ಇದೇ ಸಿರೋಸಿಸ್. ಮೂಲ ರೋಗಕ್ಕೆ ಆಟೊಇಮ್ಯೂನ್ ಹೆಪಟೈಟಿಸ್, ಅಂದರೆ ಸ್ವಯಂನಿರೋಧಕ ಯಕೃತ್ತಿನ ಉರಿಯೂತ ಎಂದು ಹೆಸರು. ಬೇಲಿಯೇ ಎದ್ದು ಹೊಲ ಮೇಯುವ ಕಥೆ ಇದು.

ಹೆಸರು ಬಂದ ಬಗೆ

ದೇಹ ತನ್ನನ್ನೇ ನಾಶಮಾಡಿಕೊಳ್ಳುವುದನ್ನು ತಡೆಯುವ ಏರ್ಪಾಡು ಪ್ರಕೃತಿಯಲ್ಲೇ ಇದೆ ಎಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ವಾದಿಸಿದ್ದರು. ಅವರ ಮಾತಿನ ಪ್ರಭಾವ ದೊಡ್ಡದು. ಸ್ವಯಂನಿರೋಧಕ ರೋಗಗಳಿರಬಹುದೆಂದು ಒಪ್ಪಲು ವೈದ್ಯಲೋಕ ದಶಕಗಳ ಕಾಲ ಹಿಂಜರಿಯಿತು. 1950ರಲ್ಲಿ ಸ್ವೀಡನ್ನಿನ ಯಾನ್ ವಾಲ್ಡೆನ್‌ಸ್ಟ್ರೋಮ್, ಕಾಮಾಲೆ ಬಿಡದೆ ಕಾಡುತ್ತಿದ್ದ ಯುವತಿಯರ ರಕ್ತದಲ್ಲಿ ಗಾಮಾ ಗ್ಲಾಬ್ಯುಲಿನ್ ವಿಪರೀತ ಏರಿರುವುದನ್ನು ವರದಿ ಮಾಡಿದರು. ಮರುವರ್ಷ ನ್ಯೂಯಾರ್ಕಿನ ಹೆನ್ರಿ ಕುಂಕೆಲ್ ಅಂಥವೇ ರೋಗಿಗಳನ್ನು ಕಂಡರು. ಲೂಪಸ್ ಎಂಬ ಸ್ವಯಂನಿರೋಧಕ ರೋಗದಲ್ಲಿ ಕಾಣುವ ಕುರುಹು ಈ ಯಕೃತ್ ರೋಗಿಗಳಲ್ಲೂ ಇರುವುದನ್ನು ಗಮನಿಸಿ, 1956ರಲ್ಲಿ ಮೆಲ್ಬರ್ನಿನ ಇಯಾನ್ ಮೆಕೇ ಮತ್ತು ಸಂಗಡಿಗರು ಇದನ್ನು ‘ಲೂಪಾಯ್ಡ್ ಹೆಪಟೈಟಿಸ್’ ಎಂದರು. ‘ಆಟೊಇಮ್ಯೂನ್’ ಎಂಬ ಹೆಸರು 1965ರಲ್ಲಿ ಬಂತು.

ಅದೇ 1965ರಲ್ಲಿ ಲಂಡನ್ನಿನಲ್ಲಿ ಡೆಬೊರಾ ಡೋನಿಯಾಕ್, ಶೀಲಾ ಶೆರ್ಲಾಕ್ ಮತ್ತು ಸಂಗಡಿಗರು ಇನ್ನೊಂದು ರೋಗದ ಗುಟ್ಟು ಬಿಡಿಸಿದರು. ನಡುವಯಸ್ಸಿನ ಹೆಂಗಸರಿಗೆ ಮೈಯೆಲ್ಲ ತುರಿಕೆ ತಂದು, ಯಕೃತ್ತಿನ ಒಳಗಿನ ಸಣ್ಣ ಪಿತ್ತನಾಳಗಳನ್ನು ಕೆಡಿಸುವ ರೋಗವದು. ಅಂಥವರ ರಕ್ತದಲ್ಲಿ ಜೀವಕೋಶದ ಮೈಟೊಕಾಂಡ್ರಿಯಾಗಳ ವಿರುದ್ಧ ಪ್ರತಿಕಾಯಗಳಿರುವುದು ಪತ್ತೆಯಾಯಿತು. ಇಂದಿಗೂ ಈ ರೋಗವನ್ನು ಗುರುತಿಸಲು ಆ ಪರೀಕ್ಷೆಯೇ ಆಧಾರ.

ಬ್ರಿಟನ್ನಿನಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾದ ಮೊದಲ ಮಹಿಳೆ ಶೆರ್ಲಾಕ್. ಅವರ ತಂಡ 1971ರಲ್ಲಿ ಪ್ರಕಟಿಸಿದ ಫಲಿತಾಂಶ ಚಿಕಿತ್ಸೆಯ ದಾರಿಯನ್ನೇ ಬದಲಿಸಿತು. ಒಟ್ಟು 49 ರೋಗಿಗಳಲ್ಲಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಪಡೆದವರು 22 ಮಂದಿ. ಅವರಲ್ಲಿ ಸತ್ತವರು 3. ಪಡೆಯದ 27 ಮಂದಿಯಲ್ಲಿ ಸತ್ತವರು 15. ಯಕೃತ್ತಿನ ದೀರ್ಘಕಾಲದ ರೋಗವೊಂದು ಮಾತ್ರೆಗೆ ಬಗ್ಗಿದ ಮೊದಲ ಉದಾಹರಣೆಗಳಲ್ಲಿ ಇದೊಂದು. ಬಳಿಕ ಅಜಥಯೋಪ್ರಿನ್ ಜೊತೆಗೂಡಿ ಸ್ಟೀರಾಯ್ಡಿನ ಪ್ರಮಾಣ ತಗ್ಗಿಸುವುದು ಸಾಧ್ಯವಾಯಿತು. ಇಂದಿಗೂ ಚಿಕಿತ್ಸೆಯ ಬುನಾದಿ ಇವೆರಡೇ.

ಬೆಂಗಳೂರಿನ ಪಟ್ಟಿ

ಯಕೃತ್ ತಜ್ಞರ ಸಾಲಿನಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಅಮೆರಿಕದ ಮೇಯೊ ಕ್ಲಿನಿಕ್ ಸೇರಿದ ಡಾ. ಪ್ಯಾಟ್ರಿಕ್ ಕಾಮತ್ ಮತ್ತು ಸಂಗಡಿಗರು ಮೂರು ರಕ್ತಪರೀಕ್ಷೆಗಳಿಂದಲೇ ಯಕೃತ್ ರೋಗದ ತೀವ್ರತೆಯನ್ನು ಅಳೆಯುವ ‘ಮೆಲ್ಡ್’ ಅಂಕದ ಬಗ್ಗೆ 2001ರಲ್ಲಿ ಬರೆದರು. ಯಕೃತ್ತಿನ ಕಸಿ ಮೊದಲು ಯಾರಿಗೆ ಎಂಬುದನ್ನು 2002ರಿಂದ ಅಮೆರಿಕದಲ್ಲಿ ಈ ಅಂಕದ ಆಧಾರದ ಮೇಲೆ ತೀರ್ಮಾನಿಸಲಾಯಿತು.

ಅದೇ ಸೇಂಟ್ ಜಾನ್ಸ್‌ನಲ್ಲಿ ಡಾ. ಹರ್ಷದ್ ದೇವರಭಾವಿ ಮತ್ತು ಸಂಗಡಿಗರು ನಡೆಸಿದ ಕೆಲಸ ಮಧುಗಿರಿ ಸೀಮೆಯಂಥ ಊರುಗಳಿಗೆ ಹೆಚ್ಚು ಹತ್ತಿರದ್ದು. ಔಷಧಗಳಿಂದಲೇ ಯಕೃತ್ತು ಕೆಟ್ಟವರನ್ನು ಅವರು 1997ರಿಂದ ಒಬ್ಬೊಬ್ಬರನ್ನಾಗಿ ದಾಖಲಿಸಿದರು. 2008ರವರೆಗಿನ 313 ರೋಗಿಗಳ ವಿವರ 2010ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ತೊಂದರೆಗೆ ಕಾರಣ ಕ್ಷಯದ ಮಾತ್ರೆಗಳು. ಮುಂದೆ ದೇಶದ ಹಲವು ಆಸ್ಪತ್ರೆಗಳು ಸೇರಿ 1,288 ರೋಗಿಗಳ ಪಟ್ಟಿಯನ್ನು 2021ರಲ್ಲಿ ಪ್ರಕಟಿಸಿದಾಗ, ಕ್ಷಯದ ಔಷಧಗಳ ನಂತರದ ಸ್ಥಾನ ಆಯುರ್ವೇದ, ಗಿಡಮೂಲಿಕೆ ಮೊದಲಾದ ಪರ್ಯಾಯ ಔಷಧಗಳದಾಗಿತ್ತು: ಸುಮಾರು ನೂರಕ್ಕೆ 14.

ಇದಕ್ಕೂ ಸ್ವಯಂನಿರೋಧಕ ರೋಗಕ್ಕೂ ಏನು ಸಂಬಂಧ? ಕೆಲವು ಔಷಧಗಳು ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸಿ, ಸ್ವಯಂನಿರೋಧಕ ಹೆಪಟೈಟಿಸ್‌ನ ಪಡಿಯಚ್ಚಿನಂತಹ ರೋಗವನ್ನೇ ತರುತ್ತವೆ. ರಕ್ತದಲ್ಲಿ ಅದೇ ಪ್ರತಿಕಾಯಗಳು, ಸೂಜಿಯಿಂದ ತೆಗೆದ ಯಕೃತ್ತಿನ ಚೂರಿನಲ್ಲಿ ಅದೇ ಚಿತ್ರ. ಔಷಧದಿಂದ ಬಂದದ್ದಾದರೆ ಔಷಧ ನಿಲ್ಲಿಸಿ ಗುಣವಾದ ಮೇಲೆ ಸ್ಟೀರಾಯ್ಡನ್ನೂ ಬಿಡಬಹುದು. ಮೂಲ ರೋಗವೇ ಆದರೆ ಬಹುತೇಕರಿಗೆ ವರ್ಷಾನುಗಟ್ಟಲೆ ಮಾತ್ರೆ ಬೇಕು. ಎರಡನ್ನೂ ಬೇರ್ಪಡಿಸಲು ತಜ್ಞರಿಗೆ ಬೇಕಾದ ಮುಖ್ಯ ಸಾಕ್ಷ್ಯ ರೋಗಿಯ ಬಾಯಿಂದಲೇ ಬರಬೇಕು: ಏನೇನು ನುಂಗಿದಿರಿ?

ಅಮೃತಬಳ್ಳಿಯ ವಾದ

ಈ ಪ್ರಶ್ನೆ ಕೋವಿಡ್ ಕಾಲದಲ್ಲಿ ದೊಡ್ಡ ವಾದಕ್ಕೆ ತಿರುಗಿತು. ರೋಗನಿರೋಧಕ ಶಕ್ತಿ ಹೆಚ್ಚಲೆಂದು 2020ರಲ್ಲಿ ಮನೆಮನೆಗಳಲ್ಲಿ ಅಮೃತಬಳ್ಳಿಯ ಕಷಾಯ ಕುದಿಯಿತು. ಅದನ್ನು ಸೇವಿಸಿದ ಬಳಿಕ ಯಕೃತ್ತು ಕೆಟ್ಟ ಆರು ರೋಗಿಗಳ ಬಗ್ಗೆ ಮುಂಬಯಿಯ ತಜ್ಞರು 2021ರಲ್ಲಿ ಬರೆದರು. ರೋಗದ ಚಹರೆ ಸ್ವಯಂನಿರೋಧಕ ಹೆಪಟೈಟಿಸ್‌ನದು. ಕೇಂದ್ರದ ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅದೇ ಜಾತಿಯ ಬೇರೊಂದು ಬಳ್ಳಿಯನ್ನು ಅಮೃತಬಳ್ಳಿಯೆಂದು ತಿಳಿದಿರಬಹುದು ಎಂದಿತು. 2022ರಲ್ಲಿ ದೇಶದ 13 ಕೇಂದ್ರಗಳಿಂದ ಇಂಥ 43 ರೋಗಿಗಳ ವರದಿ ಬಂತು. ಶತಮಾನಗಳಿಂದ ಬಳಕೆಯಲ್ಲಿರುವ ಬಳ್ಳಿ ಎಲ್ಲರಿಗೂ ವಿಷವೆಂದು ಇದರಿಂದ ಸಿದ್ಧವಾಗದು. ಆದರೆ ರೋಗನಿರೋಧಕ ವ್ಯವಸ್ಥೆ ಮೊದಲೇ ದಾರಿ ತಪ್ಪಿರುವ ದೇಹದಲ್ಲಿ ಅದನ್ನು ಇನ್ನಷ್ಟು ಹುರಿದುಂಬಿಸುವುದು ಬೆಂಕಿಗೆ ತುಪ್ಪ ಸುರಿದಂತೆ ಆಗಬಹುದೆಂಬ ತಜ್ಞರ ಎಚ್ಚರಿಕೆ ತಳ್ಳಿಹಾಕುವಂಥದ್ದಲ್ಲ.

ನೆಲನೆಲ್ಲಿಯೂ ಇಂಥ ಪರೀಕ್ಷೆಯನ್ನು ಎದುರಿಸಿದೆ. ಮದ್ರಾಸಿನ ಎಸ್. ಪಿ. ತ್ಯಾಗರಾಜನ್ ಮತ್ತು ಸಂಗಡಿಗರು 1988ರಲ್ಲಿ ‘ಬಿ’ ವೈರಸ್ ಹೊತ್ತಿದ್ದವರಿಗೆ ಅದನ್ನು ಕೊಟ್ಟು ನೋಡಿದರು. ಮದ್ದು ಪಡೆದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತು. ಜಗತ್ತು ಬೆರಗಾಯಿತು. ಆದರೆ ಬೇರೆಡೆ ನಡೆದ ಅನೇಕ ಪರೀಕ್ಷೆಗಳಲ್ಲಿ ಆ ಫಲ ಮತ್ತೆ ದೊರೆಯಲಿಲ್ಲ. ಸ್ವಯಂನಿರೋಧಕ ರೋಗಕ್ಕಂತೂ ನೆಲನೆಲ್ಲಿ ಮದ್ದೆಂದು ಯಾವ ಪರೀಕ್ಷೆಯೂ ತೋರಿಸಿಲ್ಲ.

ಈ ರೋಗಿಗಳಲ್ಲಿ ನಾಲ್ವರಿಗೆ ಸುಮಾರು ಮೂವರಂತೆ ಹೆಂಗಸರು. ಲಿವರ್ ಕೆಡುವುದು ಕುಡುಕರಿಗೆ ಎಂಬ ಜನಾಭಿಪ್ರಾಯದ ಭಾರ ಹೆಂಡ ಮುಟ್ಟದ ಈ ಹೆಂಗಸರ ಮೇಲೂ ಬೀಳುತ್ತದೆ. ಸುಸ್ತು, ಕೀಲುನೋವು, ಮುಟ್ಟು ನಿಲ್ಲುವುದು ಮುಂತಾದ ಮೊದಲ ಲಕ್ಷಣಗಳು ಮನೆಗೆಲಸದ ದಣಿವಿನಲ್ಲಿ ಮರೆಯಾಗುತ್ತವೆ. ಪಾವಗಡದ ಗಡಿಹಳ್ಳಿಯಿಂದ ಬೆಂಗಳೂರಿನ ತಜ್ಞರವರೆಗಿನ ದಾರಿ ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಆ ದಾರಿ ಹಿಡಿದವರಿಗೆ ಕಸಿಯೊಂದೇ ಉಳಿದ ಆಸೆ ಆಗುವುದುಂಟು.

ಬೇಗ ಗೊತ್ತಾದರೆ ಮಾತ್ರೆಯಿಂದ ಹತೋಟಿಗೆ ಬರುವ ರೋಗವಿದು. ಸುಧಾರಿಸಿತೆಂದು ಮಾತ್ರೆ ತಾವಾಗಿ ಬಿಟ್ಟವರಲ್ಲಿ ಮರುಕಳಿಸುವುದೂ ಅಷ್ಟೇ ಖಂಡಿತ. ಮೊದಲ ಸುಳಿವು ಹಿಡಿಯಲು ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ. ಕಣ್ಣಿನ ಹಳದಿ ಹೋದ ಎರಡು ಮೂರು ತಿಂಗಳ ಮೇಲೆ ಯಕೃತ್ತಿನ ರಕ್ತಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಬೇಕು. ಆಗಲೂ ಅಂಕಿಗಳು ಇಳಿಯದಿದ್ದರೆ ತಜ್ಞರನ್ನು ಕಾಣಬೇಕು, ಅಲ್ಲಿ ಕುಡಿದ ಕಷಾಯದ ಹೆಸರನ್ನೂ ಮುಚ್ಚಿಡದೆ ಹೇಳಬೇಕು.