ನಾಯಿಗಳಲ್ಲಿ ಅಪಸ್ಮಾರ

ನಾಯಿಗಳಲ್ಲಿ ಅಪಸ್ಮಾರವು ಮೆದುಳಿನ ನರಕೋಶಗಳಲ್ಲಿ ಹಠಾತ್ತನೆ ಉಂಟಾಗುವ ಅಸಹಜ ವಿದ್ಯುತ್ ಚಟುವಟಿಕೆಯಿಂದ ಸೆಳವುಗಳು ಮರುಕಳಿಸುವ ಒಂದು ನರಸಂಬಂಧಿ ಕಾಯಿಲೆ. ಆಡುಮಾತಿನಲ್ಲಿ ಇದನ್ನು ಮೂರ್ಛೆರೋಗ, ಫಿಟ್ಸ್ ಎಂದು ಕರೆಯುತ್ತಾರೆ. ನಾಯಿಗಳನ್ನು ಬಾಧಿಸುವ ದೀರ್ಘಕಾಲಿಕ ನರರೋಗಗಳಲ್ಲಿ ಇದು ಅತಿ ಸಾಮಾನ್ಯವಾದುದು. ಒಮ್ಮೆ ಸೆಳವು ಬಂದ ಮಾತ್ರಕ್ಕೆ ಅದು ಅಪಸ್ಮಾರವಾಗುವುದಿಲ್ಲ. ವಿಷ, ಜ್ವರ ಮುಂತಾದ ತಕ್ಷಣದ ಕಾರಣವಿಲ್ಲದೆ, ಕನಿಷ್ಠ ೨೪ ಗಂಟೆಗಳ ಅಂತರದಲ್ಲಿ ಎರಡು ಅಥವಾ ಹೆಚ್ಚು ಬಾರಿ ಸೆಳವು ಬಂದರೆ ಅಪಸ್ಮಾರವೆಂದು ಪರಿಗಣಿಸಲಾಗುತ್ತದೆ. ಇದು ಅಂಟುರೋಗವಲ್ಲ.

ಪದದ ಅರ್ಥ

ಸಂಸ್ಕೃತದಲ್ಲಿ 'ಅಪ' ಎಂದರೆ ದೂರವಾದ, 'ಸ್ಮಾರ' ಎಂದರೆ ಸ್ಮರಣೆ. ಅರಿವು ತಪ್ಪುವ ಸ್ಥಿತಿ ಎಂಬ ಅರ್ಥದಲ್ಲಿ ಈ ಪದ ಬಳಕೆಗೆ ಬಂದಿದೆ. ಚರಕಸಂಹಿತೆಯಲ್ಲಿ ಮನುಷ್ಯರ ಅಪಸ್ಮಾರದ ವಿವರಣೆ ಇದೆ. ನಟರಾಜನ ಪಾದದಡಿಯಲ್ಲಿರುವ ಕುಬ್ಜನ ಹೆಸರೂ ಅಪಸ್ಮಾರ.

ಲಕ್ಷಣಗಳು

ಸೆಳವನ್ನು ಸಾಮಾನ್ಯವಾಗಿ ಮೂರು ಹಂತಗಳಲ್ಲಿ ಗುರುತಿಸಲಾಗುತ್ತದೆ.

ಪೂರ್ವಹಂತ: ಕೆಲವು ನಾಯಿಗಳು ಸೆಳವಿಗೆ ಮುನ್ನ ಚಡಪಡಿಸುತ್ತವೆ, ಮೂಲೆ ಸೇರುತ್ತವೆ ಅಥವಾ ಯಜಮಾನನನ್ನು ಬಿಟ್ಟು ಕದಲುವುದಿಲ್ಲ. ಅನೇಕ ನಾಯಿಗಳಲ್ಲಿ ಯಾವ ಮುನ್ಸೂಚನೆಯೂ ಕಾಣುವುದಿಲ್ಲ.

ಸೆಳವಿನ ಹಂತ: ನಾಯಿ ಪಕ್ಕಕ್ಕೆ ಬಿದ್ದು ಅರಿವು ತಪ್ಪುತ್ತದೆ. ಮೈ ಸೆಟೆದುಕೊಂಡು, ಬಳಿಕ ಕಾಲುಗಳು ಈಜುವಂತೆ ಬಡಿದುಕೊಳ್ಳುತ್ತವೆ. ದವಡೆ ಕಚ್ಚಿಕೊಳ್ಳುತ್ತದೆ, ಬಾಯಿಂದ ನೊರೆ ಬರುತ್ತದೆ, ಮಲಮೂತ್ರ ತಾನಾಗಿ ಹೋಗಬಹುದು. ಬಹುತೇಕ ಸೆಳವುಗಳು ಒಂದೆರಡು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುತ್ತವೆ. ಭಾಗಶಃ ಸೆಳವಿನಲ್ಲಿ ನಾಯಿ ಬೀಳದೆ, ಮುಖದ ಒಂದು ಭಾಗ ಅದುರುವುದು ಅಥವಾ ಇಲ್ಲದ ನೊಣವನ್ನು ಹಿಡಿಯುವಂತೆ ಗಾಳಿಯನ್ನು ಕಚ್ಚುವುದು ಕಂಡುಬರಬಹುದು.

ಉತ್ತರಹಂತ: ನಾಯಿ ಗೊಂದಲದಿಂದ ಅತ್ತಿತ್ತ ಅಲೆಯುತ್ತದೆ, ಗೋಡೆಗೆ ಡಿಕ್ಕಿ ಹೊಡೆಯುತ್ತದೆ. ತಾತ್ಕಾಲಿಕ ಕುರುಡುತನ, ವಿಪರೀತ ಹಸಿವು, ಬಾಯಾರಿಕೆ ಸಾಮಾನ್ಯ. ಮನೆಯವರನ್ನೂ ಗುರುತಿಸದೆ ಗುರುಗುಟ್ಟಬಹುದು. ಈ ಸ್ಥಿತಿ ಕೆಲವು ನಿಮಿಷಗಳಿಂದ ಒಂದೆರಡು ದಿನಗಳವರೆಗೂ ಇರಬಹುದು.

ಕಾರಣಗಳು

ಕಾರಣಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಬಹುದು.

೧. ಸಹಜ ಅಪಸ್ಮಾರ: ಪರೀಕ್ಷೆಗಳಲ್ಲಿ ಮೆದುಳಿನ ದೋಷ ಕಾಣದಿದ್ದಾಗ ಈ ಹೆಸರನ್ನು ಬಳಸುತ್ತಾರೆ. ಸಾಮಾನ್ಯವಾಗಿ ಆರು ತಿಂಗಳಿನಿಂದ ಆರು ವರ್ಷದೊಳಗೆ ಆರಂಭವಾಗುತ್ತದೆ. ಬಾರ್ಡರ್ ಕಾಲಿ, ಬೆಲ್ಜಿಯನ್ ಶೆಪರ್ಡ್, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಬೀಗಲ್ ಮುಂತಾದ ತಳಿಗಳಲ್ಲಿ ಆನುವಂಶಿಕತೆಯ ಪಾತ್ರ ಕಂಡುಬಂದಿದೆ.

೨. ಮೆದುಳಿನ ರೋಗಗಳು: ಗೆಡ್ಡೆ, ಉರಿಯೂತ, ತಲೆಗೆ ಬಿದ್ದ ಪೆಟ್ಟು ಮತ್ತು ಡಿಸ್ಟೆಂಪರ್ ಎಂಬ ವೈರಾಣು ಸೋಂಕು ಇವುಗಳಲ್ಲಿ ಮುಖ್ಯವಾದವು. ಇಳಿವಯಸ್ಸಿನಲ್ಲಿ ಮೊದಲ ಬಾರಿಗೆ ಸೆಳವು ಬಂದರೆ ಗೆಡ್ಡೆಯ ಸಾಧ್ಯತೆಯನ್ನು ಪರಿಶೀಲಿಸಬೇಕಾಗುತ್ತದೆ.

೩. ಮೆದುಳಿನ ಹೊರಗಿನ ಕಾರಣಗಳು: ರಕ್ತದಲ್ಲಿ ಸಕ್ಕರೆ ಕುಸಿಯುವುದು, ಯಕೃತ್ತಿನ ದೋಷ, ಬಿಸಿಲಿನ ಆಘಾತ ಮತ್ತು ವಿಷಗಳು. ಕೀಟನಾಶಕ, ಇಲಿಪಾಷಾಣ, ಚಾಕೊಲೇಟ್, ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿರುವ ಝೈಲಿಟಾಲ್ ಇವೆಲ್ಲವೂ ಸೆಳವು ತರಬಲ್ಲವು. ಮರಿಗಳಿಗೆ ಹಾಲೂಡಿಸುತ್ತಿರುವ ತಾಯಿನಾಯಿಯಲ್ಲಿ ಕ್ಯಾಲ್ಸಿಯಂ ಕುಸಿದು ನಡುಕ, ಸೆಳವು ಬರುವುದುಂಟು. ಮೂಲಕಾರಣಕ್ಕೆ ಚಿಕಿತ್ಸೆ ದೊರೆತರೆ ಇಂತಹ ಸೆಳವುಗಳು ಮರುಕಳಿಸದಿರಬಹುದು. ಆದ್ದರಿಂದ ಇವನ್ನು ಅಪಸ್ಮಾರದಿಂದ ಬೇರೆಯಾಗಿಯೇ ಪರಿಗಣಿಸುತ್ತಾರೆ.

ರೇಬೀಸ್‌ನೊಡನೆ ಗೊಂದಲ

ಬಾಯಲ್ಲಿ ನೊರೆ ಕಂಡೊಡನೆ ಹುಚ್ಚು ಹಿಡಿದಿದೆ ಎಂದು ಭಾವಿಸಿ ನಾಯಿಯನ್ನು ಹೊಡೆಯುವ, ಮನೆಯಿಂದ ಹೊರಗಟ್ಟುವ ಪ್ರಸಂಗಗಳು ನಡೆಯುತ್ತವೆ. ಅಪಸ್ಮಾರದ ನಾಯಿ ಸೆಳವು ಕಳೆದ ಮೇಲೆ ಮೊದಲಿನಂತಾಗುತ್ತದೆ. ರೇಬೀಸ್ ತಗುಲಿದ ನಾಯಿ ಚೇತರಿಸಿಕೊಳ್ಳದೆ, ಲಕ್ಷಣಗಳು ಕಾಣಿಸಿದ ಸುಮಾರು ಹತ್ತು ದಿನಗಳೊಳಗೆ ಸಾಯುತ್ತದೆ. ಆದರೆ ರೇಬೀಸ್‌ನಲ್ಲಿಯೂ ಸೆಳವು ಬರಬಹುದಾದ್ದರಿಂದ, ಲಸಿಕೆ ಹಾಕಿಸದ ಅಥವಾ ಅಪರಿಚಿತ ನಾಯಿಯ ವಿಷಯದಲ್ಲಿ ಎಚ್ಚರ ಅಗತ್ಯ. ಕಚ್ಚಿದರೆ ಅಥವಾ ಜೊಲ್ಲು ಗಾಯಕ್ಕೆ ತಾಗಿದರೆ ಸಾಬೂನು ಮತ್ತು ಹರಿಯುವ ನೀರಿನಿಂದ ೧೫ ನಿಮಿಷ ತೊಳೆದು, ತಡಮಾಡದೆ ವೈದ್ಯರನ್ನು ಕಾಣಬೇಕು.

ಸೆಳವು ಬಂದಾಗ ಆರೈಕೆ

ಸೆಳವಿನ ಸಮಯದಲ್ಲಿ ನಾಯಿಗೆ ಅರಿವಿರುವುದಿಲ್ಲ. ಆದ್ದರಿಂದ ನೋಡುವವರಿಗೆ ತೋರುವಷ್ಟು ನೋವು ಅದಕ್ಕೆ ಆಗುತ್ತಿರುವುದಿಲ್ಲ ಎಂದು ಭಾವಿಸಲಾಗಿದೆ.

• ಮೊದಲು ಗಡಿಯಾರ ನೋಡಬೇಕು. ಆತಂಕದಲ್ಲಿ ಒಂದು ನಿಮಿಷವೂ ಬಹಳ ಹೊತ್ತೆನಿಸುತ್ತದೆ. ಚಿಕಿತ್ಸೆಯ ನಿರ್ಧಾರಕ್ಕೆ ನಿಜವಾದ ಅವಧಿ ಬೇಕು.
• ಮೆಟ್ಟಿಲು, ನೀರಿನ ತೊಟ್ಟಿ, ಚೂಪಾದ ವಸ್ತುಗಳಿಂದ ದೂರವಿರಿಸಿ, ತಲೆಯ ಬಳಿ ಮೆತ್ತನೆಯ ಬಟ್ಟೆ ಇಡಬೇಕು.
• ಬಾಯಿಗೆ ಕೈ, ಚಮಚ, ನೀರು, ಔಷಧಿ ಯಾವುದನ್ನೂ ಹಾಕಬಾರದು. ನಾಯಿ ನಾಲಿಗೆಯನ್ನು ನುಂಗಿಕೊಳ್ಳುತ್ತದೆ ಎಂಬ ನಂಬಿಕೆ ತಪ್ಪು. ಅರಿವಿಲ್ಲದೆ ಅದು ಬಲವಾಗಿ ಕಚ್ಚಬಹುದು, ನೀರು ಶ್ವಾಸಕೋಶಕ್ಕೆ ಇಳಿಯಬಹುದು.
• ಕೈಕಾಲುಗಳನ್ನು ಅದುಮಿ ಹಿಡಿಯಬಾರದು. ಕಬ್ಬಿಣ ಮುಟ್ಟಿಸುವುದರಿಂದ, ಈರುಳ್ಳಿ ಮೂಸಿಸುವುದರಿಂದ ಪ್ರಯೋಜನವಿಲ್ಲ.
• ದೀಪ ಮಂದ ಮಾಡಿ, ಟಿವಿ ನಿಲ್ಲಿಸಿ, ಮಕ್ಕಳನ್ನೂ ಇತರ ನಾಯಿಗಳನ್ನೂ ದೂರ ಕಳುಹಿಸಬೇಕು.
• ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಬೇಕು. ಹೃದ್ರೋಗದಿಂದ ಬರುವ ಮೂರ್ಛೆಯಿಂದ ಇದನ್ನು ಬೇರ್ಪಡಿಸಲು ವೈದ್ಯರಿಗೆ ಇದು ನೆರವಾಗುತ್ತದೆ.
• ಪೂರ್ಣ ಎಚ್ಚರವಾದ ಮೇಲೆ ಮಾತ್ರ ಸ್ವಲ್ಪ ನೀರು, ಆಹಾರ ಕೊಡಬಹುದು.

ತುರ್ತುಸ್ಥಿತಿ

ಸೆಳವು ಐದು ನಿಮಿಷಗಳನ್ನು ಮೀರಿದರೆ, ಅಥವಾ ನಡುವೆ ಎಚ್ಚರವಾಗದೆ ಒಂದರ ಮೇಲೊಂದು ಬಂದರೆ ಅದು ಜೀವಾಪಾಯದ ಸ್ಥಿತಿ. ಸ್ನಾಯುಗಳ ಸತತ ಚಲನೆಯಿಂದ ದೇಹದ ಉಷ್ಣತೆ ಏರಿ, ಮೆದುಳಿಗೂ ಇತರ ಅಂಗಗಳಿಗೂ ಹಾನಿಯಾಗುತ್ತದೆ. ೨೪ ಗಂಟೆಗಳಲ್ಲಿ ಎರಡು ಅಥವಾ ಹೆಚ್ಚು ಸೆಳವು ಬಂದರೂ ಕೂಡಲೇ ಪಶುವೈದ್ಯರನ್ನು ಕಾಣಬೇಕು. ಇಂತಹ ನಾಯಿಗಳಿಗಾಗಿ ಮನೆಯಲ್ಲಿ ಗುದದ್ವಾರದ ಮೂಲಕ ಡಯಾಜೆಪಾಮ್ ಅಥವಾ ಮೂಗಿನ ಮೂಲಕ ಮಿಡಜೋಲಾಮ್ ಕೊಡುವ ವಿಧಾನವನ್ನು ವೈದ್ಯರು ಮುಂಚಿತವಾಗಿ ಕಲಿಸಿಕೊಡಬಹುದು. ಅವರ ಸೂಚನೆಯಿಲ್ಲದೆ ಇವನ್ನು ಬಳಸಬಾರದು.

ರೋಗನಿರ್ಣಯ

ಅಪಸ್ಮಾರವನ್ನು ದೃಢಪಡಿಸುವ ಒಂದೇ ಪರೀಕ್ಷೆ ಇಲ್ಲ. ಮನೆಯವರ ವಿವರಣೆ, ರಕ್ತ ಮತ್ತು ಮೂತ್ರ ಪರೀಕ್ಷೆ, ನರಮಂಡಲದ ತಪಾಸಣೆ ಹಾಗೂ ಅಗತ್ಯವಿದ್ದರೆ ಎಂಆರ್‌ಐ ಮತ್ತು ಮೆದುಳು-ಬೆನ್ನುಹುರಿ ದ್ರವದ ಪರೀಕ್ಷೆಯ ಮೂಲಕ ಇತರ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಲಾಗುತ್ತದೆ. ೨೦೧೫ರಲ್ಲಿ ಅಂತಾರಾಷ್ಟ್ರೀಯ ಪಶುವೈದ್ಯ ಅಪಸ್ಮಾರ ಕಾರ್ಯಪಡೆಯು ಈ ಕುರಿತು ಸಹಮತದ ಮಾರ್ಗಸೂಚಿಗಳನ್ನು ಪ್ರಕಟಿಸಿತು.

ಚಿಕಿತ್ಸೆ

ಪ್ರತಿ ಸೆಳವಿಗೂ ದೀರ್ಘಕಾಲದ ಔಷಧಿ ಬೇಕಾಗುವುದಿಲ್ಲ. ಆರು ತಿಂಗಳಲ್ಲಿ ಎರಡು ಅಥವಾ ಹೆಚ್ಚು ಸೆಳವು ಬಂದರೆ, ಸೆಳವು ದೀರ್ಘವಾಗಿದ್ದರೆ ಅಥವಾ ಗುಂಪುಗುಂಪಾಗಿ ಬಂದರೆ ಔಷಧಿ ಆರಂಭಿಸುತ್ತಾರೆ.

ಬಳಕೆಯಲ್ಲಿರುವ ಪ್ರಮುಖ ಔಷಧಿ ಫಿನೋಬಾರ್ಬಿಟಾಲ್. ಇದನ್ನು ೧೯೧೨ರಲ್ಲಿ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ಮನುಷ್ಯರ ಅಪಸ್ಮಾರಕ್ಕೆ ಬಳಸಿದರು. ಆರಂಭದ ವಾರಗಳಲ್ಲಿ ಮಂಪರು, ಓಲಾಡುವ ನಡಿಗೆ, ಹೆಚ್ಚಿದ ಹಸಿವು, ಬಾಯಾರಿಕೆ ಕಾಣಬಹುದು. ಯಕೃತ್ತಿನ ಮೇಲೆ ಪರಿಣಾಮ ಬೀರಬಹುದಾದ್ದರಿಂದ ನಿಯತವಾಗಿ ರಕ್ತಪರೀಕ್ಷೆ ಮಾಡಿಸಬೇಕು. ಪೊಟ್ಯಾಸಿಯಂ ಬ್ರೋಮೈಡ್ ಇನ್ನೊಂದು ಹಳೆಯ ಔಷಧಿ. ಆಹಾರದಲ್ಲಿನ ಉಪ್ಪು ಹೆಚ್ಚಾದರೆ ಅದು ದೇಹದಿಂದ ಬೇಗ ಹೊರಹೋಗುವುದರಿಂದ, ಉಪ್ಪಿನ ಪ್ರಮಾಣ ಒಂದೇ ಸಮನಾಗಿರಬೇಕು. ಲೆವೆಟಿರಾಸೆಟಾಮ್, ಇಮೆಪಿಟಾಯಿನ್, ಝೊನಿಸಮೈಡ್‌ಗಳೂ ಬಳಕೆಯಲ್ಲಿವೆ.

ಸೆಳವು ನಿಂತಿತೆಂದು ಔಷಧಿಯನ್ನು ಹಠಾತ್ತನೆ ನಿಲ್ಲಿಸಿದರೆ ಮೊದಲಿಗಿಂತ ತೀವ್ರವಾದ ಸೆಳವು ಬರಬಹುದು. ಮಾತ್ರೆಗಳನ್ನು ದಿನವೂ ನಿಗದಿತ ಸಮಯಕ್ಕೆ ಕೊಡುವುದೂ, ಮುಗಿಯುವ ಮುನ್ನವೇ ತರಿಸಿಡುವುದೂ ಆದ್ದರಿಂದ ಮುಖ್ಯ.

ಪಾಲನೆ ಮತ್ತು ಭವಿಷ್ಯ

ದಿನಾಂಕ, ಸಮಯ, ಅವಧಿ, ಅಂದಿನ ಆಹಾರ ಮತ್ತು ವಿಶೇಷ ಘಟನೆಗಳನ್ನು ಬರೆದಿಡುವುದು ಉಪಯುಕ್ತ. ಕೆಲವು ನಾಯಿಗಳಲ್ಲಿ ಪಟಾಕಿಯ ಸದ್ದು, ಪ್ರಯಾಣ, ಮನೆಗೆ ಹೊಸಬರು ಬರುವುದು ಮುಂತಾದ ಒತ್ತಡಗಳು ಸೆಳವಿಗೆ ಪ್ರೇರಕವಾಗಬಹುದು. ಇಂತಹ ನಾಯಿಯನ್ನು ಒಂಟಿಯಾಗಿ ಕೆರೆ, ಬಾವಿಯ ಬಳಿ ಬಿಡಬಾರದು. ಸಹಜ ಅಪಸ್ಮಾರವಿರುವ ನಾಯಿಯನ್ನು ಸಂತಾನಕ್ಕೆ ಬಳಸಬಾರದು.

ಸಹಜ ಅಪಸ್ಮಾರವು ಪೂರ್ಣವಾಗಿ ಗುಣವಾಗುವುದು ವಿರಳ. ಸೆಳವುಗಳ ಸಂಖ್ಯೆಯನ್ನೂ ತೀವ್ರತೆಯನ್ನೂ ತಗ್ಗಿಸುವುದೇ ಚಿಕಿತ್ಸೆಯ ಗುರಿ. ಸಂಖ್ಯೆ ಅರ್ಧಕ್ಕಿಳಿದರೂ ಅದನ್ನು ಸಾಮಾನ್ಯವಾಗಿ ಉತ್ತಮ ಫಲವೆಂದು ಪರಿಗಣಿಸುತ್ತಾರೆ. ಕೆಲವು ನಾಯಿಗಳಲ್ಲಿ ಎರಡು ಔಷಧಿಗಳಿಗೂ ಸೆಳವು ಬಗ್ಗುವುದಿಲ್ಲ. ಆದರೆ ಔಷಧಿಗೆ ಸ್ಪಂದಿಸುವ ಅನೇಕ ನಾಯಿಗಳು ಸೆಳವಿನ ನಡುವಿನ ದಿನಗಳಲ್ಲಿ ಇತರ ನಾಯಿಗಳಂತೆಯೇ ಆಡುತ್ತ, ಉಣ್ಣುತ್ತ ಹಲವು ವರ್ಷ ಬಾಳುತ್ತವೆ.