ರೇಣುಕಾ ಸಾಗರದ ಕೊರತೆ ಮತ್ತು ಮಹದಾಯಿ ಕಣಿವೆಯ ಸಹಕಾರ: ನವಲಗುಂದ ಸೀಮೆಯ ನೆಲೆಯಿಂದ ಒಂದು ಚಾರಿತ್ರಿಕ ಅವಲೋಕನ

ಧಾರವಾಡ ಜಿಲ್ಲೆಯ ಪೂರ್ವಭಾಗ ಎರೆಭೂಮಿ. ನವಲಗುಂದ, ಅಣ್ಣಿಗೇರಿ ಮತ್ತು ಕುಂದಗೋಳ ತಾಲ್ಲೂಕುಗಳ ಬಹುಭಾಗವನ್ನು ಆವರಿಸಿರುವ ಈ ಬಯಲು ಹಿಂಗಾರಿ ಬಿಳಿಜೋಳ, ಕಡಲೆ, ಗೋದಿ, ಕುಸುಬೆ ಮತ್ತು ಹತ್ತಿಗೆ ಹೆಸರಾದುದು. ಶಾಸನಗಳು ಬೆಳ್ವೊಲ ಮುನ್ನೂರು ಎಂದು ಕರೆದ ನಾಡಿನ ಪ್ರಮುಖ ಕೇಂದ್ರವಾಗಿದ್ದ ಅಣ್ಣಿಗೇರಿಯು ಕಲ್ಯಾಣ ಚಾಲುಕ್ಯರ ಅಮೃತೇಶ್ವರ ದೇವಾಲಯವನ್ನು ಇಂದಿಗೂ ಉಳಿಸಿಕೊಂಡಿದೆ. ನೆಲ ಇಷ್ಟು ಫಲವತ್ತಾಗಿದ್ದರೂ ನೀರಿನ ವಿಷಯದಲ್ಲಿ ಈ ಸೀಮೆ ಬಡವಾದುದು. ವರ್ಷದ ಮಳೆ ಐನೂರು ಆರುನೂರು ಮಿಲಿಮೀಟರಿನ ಆಸುಪಾಸು. ಅಂತರ್ಜಲ ಬಹಳ ಕಡೆ ಸವಳು. ಬಾವಿ ತೋಡಿದರೂ ಕುಡಿಯಲು ಬಾರದ ನೀರು ದೊರೆಯುವುದರಿಂದ ಮಳೆನೀರನ್ನು ಕೆರೆಯಲ್ಲಿ ಹಿಡಿದಿಟ್ಟು ವರ್ಷವಿಡೀ ಕುಡಿಯುವುದು ಇಲ್ಲಿನ ಊರುಗಳ ಹಳೆಯ ಪದ್ಧತಿಯಾಗಿದೆ. ನವಲಗುಂದದ ನೀಲಮ್ಮನ ಕೆರೆ ಈ ಪರಂಪರೆಗೆ ಸೇರಿದ್ದು.

ಇಂತಹ ಸೀಮೆಗೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನದಿಯ ನೀರು ಬಂದಿತು. ಅದು ಬಂದ ಬಗೆ, ಕ್ರಮೇಣ ಕುಂದಿದ ಬಗೆ ಮತ್ತು ಅದನ್ನು ತುಂಬಿಕೊಳ್ಳಲು ನೆರೆಯ ರಾಜ್ಯಗಳೊಡನೆ ನಡೆದ ಸುದೀರ್ಘ ವ್ಯವಹಾರ ಇವು ಈ ಭಾಗದ ಆಧುನಿಕ ಚರಿತ್ರೆಯ ಮುಖ್ಯ ಅಧ್ಯಾಯಗಳು.

ನೀರಿನ ಹರಿವಿನ ದಿಕ್ಕು

ಜಿಲ್ಲೆಯ ನೀರು ಎರಡು ಕಡಲುಗಳಿಗೆ ಹಂಚಿಹೋಗುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯ ಬೇಡ್ತಿಹಳ್ಳ ಪಶ್ಚಿಮಕ್ಕೆ ಹರಿದು ಗಂಗಾವಳಿಯೆನಿಸಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಹುಬ್ಬಳ್ಳಿಯ ಕುಡಿಯುವ ನೀರಿಗಾಗಿ 1955ರಲ್ಲಿ ಕಲಘಟಗಿ ತಾಲ್ಲೂಕಿನಲ್ಲಿ ನಿರ್ಮಾಣವಾದ ನೀರಸಾಗರ ಇದೇ ಕಣಿವೆಯದು. ಶಿಗ್ಗಾಂವಿ ತಾಲ್ಲೂಕಿನ ದುಂಡಸಿಯ ಬಳಿ ಹುಟ್ಟುವ ಬೆಣ್ಣಿಹಳ್ಳವಾದರೋ ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕುಗಳನ್ನು ಹಾದು ಉತ್ತರಕ್ಕೆ ಸಾಗಿ ಮಲಪ್ರಭೆಯನ್ನು ಕೂಡಿಕೊಂಡು ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಹಳ್ಳದ ನೀರಿನಿಂದ ದೀಪ ಉರಿಯಿತೆಂಬ ಐತಿಹ್ಯವುಳ್ಳ ಯಮನೂರಿನ ಜಾತ್ರೆ ನಡೆಯುವುದು ಈ ಬೆಣ್ಣಿಹಳ್ಳದ ದಂಡೆಯಲ್ಲಿ. 2009 ಮತ್ತು 2019ರ ಮಹಾಪೂರಗಳಲ್ಲಿ ಹೊಲಗಳನ್ನು ಮುಳುಗಿಸಿದ ಈ ಹಳ್ಳ ಬೇಸಿಗೆಯಲ್ಲಿ ಬತ್ತುತ್ತದೆ. ಅದು ಮಲಪ್ರಭೆಯನ್ನು ಸೇರುವುದು ಅಣೆಕಟ್ಟಿನ ಕೆಳಗಾದುದರಿಂದ ಅದರ ನೆರೆಯ ಒಂದು ಹನಿಯೂ ಜಲಾಶಯಕ್ಕೆ ಸಲ್ಲುವುದಿಲ್ಲ.

ಮಲಪ್ರಭೆಯ ಉಗಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿ. ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸಹ್ಯಾದ್ರಿ ಪ್ರದೇಶವೇ ನದಿಯ ಮುಖ್ಯ ಆಸರೆ. ಸವದತ್ತಿ ತಾಲ್ಲೂಕಿನ ಮುನವಳ್ಳಿಯ ಸಮೀಪ ನವಿಲುತೀರ್ಥದಲ್ಲಿ 1960ರ ದಶಕದಲ್ಲಿ ಕಟ್ಟಲಾರಂಭಿಸಿ 1970ರ ದಶಕದ ಆರಂಭದಲ್ಲಿ ಪೂರೈಸಿದ ಅಣೆಕಟ್ಟಿನ ಹಿನ್ನೀರಿಗೆ ರೇಣುಕಾ ಸಾಗರವೆಂದು ಹೆಸರಾಯಿತು. ಅದರ ಒಟ್ಟು ಸಂಗ್ರಹ ಸಾಮರ್ಥ್ಯ 37.73 ಟಿಎಂಸಿ ಅಡಿ. ಎರಡು ಲಕ್ಷ ಹೆಕ್ಟೇರಿಗೂ ಮಿಕ್ಕಿದ ಭೂಮಿಗೆ ನೀರುಣಿಸುವುದು ಯೋಜನೆಯ ಗುರಿಯಾಗಿತ್ತು. ಬಲದಂಡೆ ಕಾಲುವೆಯ ಮೂಲಕ ನವಲಗುಂದ ಮತ್ತು ನರಗುಂದ ಸೀಮೆಗಳು ನೀರಾವರಿಯ ನಕಾಶೆಯೊಳಗೆ ಬಂದವು. ಮುಂದೆ ಹುಬ್ಬಳ್ಳಿ ಧಾರವಾಡ ಅವಳಿ ನಗರಗಳೂ ಕುಡಿಯುವ ನೀರಿಗೆ ಇದೇ ಜಲಾಶಯವನ್ನು ಅವಲಂಬಿಸಿದವು.

ಕಾಗದದ ಮೇಲಿನ ಲೆಕ್ಕಕ್ಕೂ ನದಿಯ ಹರಿವಿಗೂ ತಾಳೆಯಾಗಲಿಲ್ಲ. ಜಲಾಶಯ ಪೂರ್ಣವಾಗಿ ತುಂಬಿದ ವರ್ಷಗಳು ವಿರಳ. ಜಲಾನಯನದ ಮೇಲ್ಭಾಗದಲ್ಲಿ ಏತ ನೀರಾವರಿ ಹೆಚ್ಚಿತು. ಅರೆನೀರಾವರಿ ಬೆಳೆಗಳಿಗೆಂದು ರೂಪಿತವಾದ ಕಾಲುವೆಯ ಆರಂಭದ ಭಾಗದಲ್ಲಿ ಹೆಚ್ಚು ನೀರು ಬೇಡುವ ಕಬ್ಬು ಬೇರೂರಿತು. ಇದರ ಪರಿಣಾಮವನ್ನು ಮೊದಲು ಅನುಭವಿಸಿದವರು ಕಾಲುವೆಯ ಕೊನೆಯಂಚಿನ ರೈತರು.

ಹತ್ತಿ, ಕರ ಮತ್ತು ಬಂಡಾಯ

ಈ ಸೀಮೆಯ ಹತ್ತಿಯ ಚರಿತ್ರೆ ನೀರಾವರಿಗಿಂತ ಹಳೆಯದು. 1840ರ ದಶಕದಲ್ಲಿ ಬ್ರಿಟಿಷ್ ಆಡಳಿತವು ಹುಬ್ಬಳ್ಳಿಯ ಬಳಿಯ ಕುಸುಗಲ್ಲಿನಲ್ಲಿ ಅಮೆರಿಕದ ಹತ್ತಿ ತಳಿಯ ಪ್ರಯೋಗ ನಡೆಸಿತು. ಅದರಿಂದ ಬೆಳೆದುಬಂದ ‘ಧಾರವಾಡ ಅಮೆರಿಕನ್’ ಹತ್ತಿಯು ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ ಜಿಲ್ಲೆಗೆ ಅಪಾರ ಹಣವನ್ನು ತಂದಿತು. ಅಣೆಕಟ್ಟು ಪೂರೈಸಿದ ಹೊತ್ತಿಗೇ, 1972ರಲ್ಲಿ, ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರಕಿ ಅವರು ವರಲಕ್ಷ್ಮಿ ಎಂಬ ಸಂಕರ ತಳಿಯನ್ನು ರೂಪಿಸಿದರು. ಉದ್ದನೆಯ ಎಳೆಯ ಈ ಹತ್ತಿಗೆ ನೀರು, ಗೊಬ್ಬರ ಮತ್ತು ಔಷಧಿಗಳ ಆರೈಕೆ ಬೇಕಿತ್ತು. ಅದಕ್ಕೆ ತಕ್ಕ ಸಾಲವೂ ಬೇಕಿತ್ತು. ಬೆಲೆ ಏರಿದಾಗ ಉತ್ಸಾಹದಿಂದ ಬಿತ್ತಿದ ರೈತರು ಬೆಲೆ ಕುಸಿದಾಗ ಋಣಭಾರಕ್ಕೆ ಸಿಕ್ಕಿದರು.

ಇದೇ ಸಮಯದಲ್ಲಿ ನೀರಾವರಿಯಿಂದ ಭೂಮಿಯ ಮೌಲ್ಯ ಹೆಚ್ಚಿತೆಂಬ ಆಧಾರದ ಮೇಲೆ ಸರ್ಕಾರವು ಅಭಿವೃದ್ಧಿ ಕರವನ್ನು ವಸೂಲು ಮಾಡಲು ಮುಂದಾಯಿತು. ನೀರು ಕಾಣದ ಹೊಲಕ್ಕೂ ಕರದ ನೋಟೀಸು ಬಂದದ್ದು ಅಸಮಾಧಾನವನ್ನು ಸ್ಫೋಟಕ ಸ್ಥಿತಿಗೆ ತಂದಿತು. ಮಲಪ್ರಭಾ ನೀರಾವರಿ ಪ್ರದೇಶದ ರೈತರ ಸಮನ್ವಯ ಸಮಿತಿಯ ನೇತೃತ್ವದಲ್ಲಿ ಹೋರಾಟ ಬೆಳೆಯಿತು. 1980ರ ಜುಲೈ 21ರಂದು ನವಲಗುಂದದಲ್ಲಿಯೂ, 1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದ ನರಗುಂದದಲ್ಲಿಯೂ ಗೋಲಿಬಾರ್ ನಡೆಯಿತು. ರೈತರೂ ಪೊಲೀಸರೂ ಪ್ರಾಣ ಕಳೆದುಕೊಂಡರು. ಆರ್. ಗುಂಡೂರಾವ್ ಅವರ ಸರ್ಕಾರ ರಿಯಾಯಿತಿಗಳನ್ನು ಘೋಷಿಸಬೇಕಾಯಿತು. ರಾಜ್ಯದ ರೈತ ಚಳವಳಿಗೆ ಹೊಸ ಚಾಲನೆ ನೀಡಿದ ಆ ದಿನವನ್ನು ರೈತ ಹುತಾತ್ಮರ ದಿನವಾಗಿ ಆಚರಿಸುತ್ತ ಬರಲಾಗಿದೆ. ನೀರನ್ನು ಲೆಕ್ಕದಲ್ಲಿ ಕೊಟ್ಟು ಹೊಲದಲ್ಲಿ ಕೊಡದ ವ್ಯವಸ್ಥೆಯ ವಿರುದ್ಧದ ಮೊದಲ ದೊಡ್ಡ ಪ್ರತಿಭಟನೆಯೆಂದು ಈ ಬಂಡಾಯವನ್ನು ಗುರುತಿಸಬಹುದು.

ಮಹದಾಯಿಯತ್ತ ನೋಟ

ಬಂಡಾಯದ ನಂತರ ಜಲಾಶಯದ ಕೊರತೆಯನ್ನು ತುಂಬುವ ಮಾರ್ಗಗಳ ಅನ್ವೇಷಣೆ ಬಿರುಸಾಯಿತು. ಖಾನಾಪುರ ತಾಲ್ಲೂಕಿನಲ್ಲಿಯೇ ಹುಟ್ಟಿ ಪಶ್ಚಿಮಕ್ಕೆ ಹರಿದು ಗೋವೆಯಲ್ಲಿ ಮಾಂಡೋವಿ ಎನಿಸುವ ಮಹದಾಯಿಯ ಕಡೆಗೆ ಸಹಜವಾಗಿಯೇ ದೃಷ್ಟಿ ಹರಿಯಿತು. ಅದರ ಜಲಾನಯನ ಪ್ರದೇಶ 2,032 ಚದರ ಕಿಲೋಮೀಟರ್. ಇದರಲ್ಲಿ ಗೋವೆಯದು 1,580, ಕರ್ನಾಟಕದ್ದು 375, ಮಹಾರಾಷ್ಟ್ರದ್ದು 77. ಇದರ ಉಪನದಿಗಳಾದ ಕಳಸಾ ಮತ್ತು ಬಂಡೂರಿ ಹಳ್ಳಗಳಿಂದ 7.56 ಟಿಎಂಸಿ ಅಡಿ ನೀರನ್ನು ಮಲಪ್ರಭೆಗೆ ತಿರುಗಿಸುವ ಯೋಜನೆ ಸಿದ್ಧವಾಯಿತು. 2002ರಲ್ಲಿ ಕೇಂದ್ರವು ತಾತ್ವಿಕ ಒಪ್ಪಿಗೆ ನೀಡಿ, ಗೋವೆಯ ಆಕ್ಷೇಪಣೆಯ ಮೇರೆಗೆ ಅದೇ ವರ್ಷ ಅದನ್ನು ತಡೆಹಿಡಿಯಿತು. 2006ರಲ್ಲಿ ಕಣಕುಂಬಿಯಲ್ಲಿ ಕಾಮಗಾರಿಗೆ ಚಾಲನೆ ದೊರೆತಾಗ ಗೋವೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2010ರ ನವೆಂಬರಿನಲ್ಲಿ ನ್ಯಾಯಮೂರ್ತಿ ಜೆ. ಎಂ. ಪಾಂಚಾಲ್ ಅವರ ಅಧ್ಯಕ್ಷತೆಯ ನ್ಯಾಯಮಂಡಳಿ ರಚನೆಯಾಯಿತು.

2015ರ ಜುಲೈಯಲ್ಲಿ ನರಗುಂದದಲ್ಲಿ ಆರಂಭವಾದ ಧರಣಿ ವರ್ಷಗಟ್ಟಲೆ ನಡೆಯಿತು. 2016ರ ಜುಲೈ 27ರಂದು ಕರ್ನಾಟಕದ ಮಧ್ಯಂತರ ಅರ್ಜಿ ತಿರಸ್ಕೃತವಾದಾಗ ನವಲಗುಂದ ತಾಲ್ಲೂಕು ಮತ್ತೆ ಹೊತ್ತಿ ಉರಿಯಿತು. ಯಮನೂರಿನಲ್ಲಿ ನಡೆದ ಪೊಲೀಸರ ಲಾಠಿ ಪ್ರಹಾರ ರಾಜ್ಯದಾದ್ಯಂತ ಚರ್ಚೆಗೆ ಗುರಿಯಾಯಿತು. 2018ರ ಆಗಸ್ಟ್ 14ರ ಐತೀರ್ಪು ಕರ್ನಾಟಕಕ್ಕೆ 13.42, ಗೋವೆಗೆ 24, ಮಹಾರಾಷ್ಟ್ರಕ್ಕೆ 1.33 ಟಿಎಂಸಿ ಅಡಿ ನೀರನ್ನು ನಿಗದಿಪಡಿಸಿತು. ಕರ್ನಾಟಕದ ಪಾಲಿನಲ್ಲಿ ದೊಡ್ಡ ಭಾಗ ಜಲವಿದ್ಯುತ್ತಿಗೆ ಮೀಸಲು. ಮಲಪ್ರಭೆಗೆ ತಿರುಗಿಸಬಹುದಾದದ್ದು ಕಳಸಾದಿಂದ 1.72 ಮತ್ತು ಬಂಡೂರಿಯಿಂದ 2.18, ಒಟ್ಟು 3.90 ಟಿಎಂಸಿ ಅಡಿ ಮಾತ್ರ. ಮೂರೂ ರಾಜ್ಯಗಳು ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವು. 2020ರ ಫೆಬ್ರವರಿಯಲ್ಲಿ ಐತೀರ್ಪು ರಾಜಪತ್ರದಲ್ಲಿ ಪ್ರಕಟವಾಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗವು ಪರಿಷ್ಕೃತ ಯೋಜನಾ ವರದಿಗೆ ಸಮ್ಮತಿಸಿತು. ಐತೀರ್ಪಿನ ಅನುಷ್ಠಾನಕ್ಕಾಗಿ ‘ಪ್ರವಾಹ’ ಎಂಬ ಪ್ರಾಧಿಕಾರದ ರಚನೆಗೆ 2023ರ ಫೆಬ್ರವರಿಯಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆಯಿತ್ತಿತು. ಅರಣ್ಯ ಮತ್ತು ವನ್ಯಜೀವಿ ಅನುಮತಿಗಳ ತೊಡಕು ಆ ಬಳಿಕವೂ ಮುಂದುವರಿಯಿತು.

ಅರಲ್ ಸಮುದ್ರದ ನಿದರ್ಶನ

ಈ ವ್ಯವಹಾರದ ಸ್ವರೂಪವನ್ನು ಅರಿಯಲು ಮಧ್ಯ ಏಷ್ಯಾದ ಅರಲ್ ಸಮುದ್ರದ ಚರಿತ್ರೆ ನೆರವಾಗುತ್ತದೆ. ಎರಡರ ಗಾತ್ರದಲ್ಲಿ ಹೋಲಿಕೆಯಿಲ್ಲ. ಆದರೆ ಕಾಲವೂ ಬೆಳೆಯೂ ಒಂದೇ. ನವಿಲುತೀರ್ಥದಲ್ಲಿ ಅಣೆಕಟ್ಟು ಏಳುತ್ತಿದ್ದ 1960ರ ದಶಕದಲ್ಲಿಯೇ ಸೋವಿಯತ್ ಸರ್ಕಾರವು ಅಮು ದರ್ಯಾ ಮತ್ತು ಸಿರ್ ದರ್ಯಾ ನದಿಗಳ ನೀರನ್ನು ಹತ್ತಿಯ ಹೊಲಗಳಿಗೆ ವಿಪುಲವಾಗಿ ತಿರುಗಿಸಿತು. 1960ರಲ್ಲಿ ಸುಮಾರು 68,000 ಚದರ ಕಿಲೋಮೀಟರ್ ವಿಸ್ತಾರವಿದ್ದು, ಜಗತ್ತಿನ ನಾಲ್ಕನೆಯ ಅತಿದೊಡ್ಡ ಸರೋವರವೆನಿಸಿದ್ದ ಅರಲ್, ಅರ್ಧ ಶತಮಾನದೊಳಗೆ ಹತ್ತನೆಯ ಒಂದು ಭಾಗದಷ್ಟಕ್ಕೆ ಕುಗ್ಗಿತು. ಬಂದರಾಗಿದ್ದ ಮುಯ್ನಾಕ್ ಪಟ್ಟಣದ ಮೀನುಗಾರಿಕೆಯ ಹಡಗುಗಳು ಮರಳಿನಲ್ಲಿ ನಿಂತವು. ಬತ್ತಿದ ತಳದ ಉಪ್ಪಿನ ಧೂಳು ಹೊಲಗಳ ಮೇಲೆ ಬಿದ್ದಿತು.

ಸೋವಿಯತ್ ಒಕ್ಕೂಟ ಒಡೆದ ಕೆಲವೇ ವಾರಗಳಲ್ಲಿ, 1992ರ ಫೆಬ್ರವರಿಯಲ್ಲಿ, ಐದು ಹೊಸ ಗಣರಾಜ್ಯಗಳು ಅಲ್ಮಾಟಿಯಲ್ಲಿ ಜಲ ಒಪ್ಪಂದಕ್ಕೆ ಸಹಿ ಹಾಕಿದವು. 1993ರಲ್ಲಿ ಅರಲ್ ರಕ್ಷಣೆಗಾಗಿ ಅಂತರರಾಷ್ಟ್ರೀಯ ನಿಧಿ ಸ್ಥಾಪಿತವಾಯಿತು. ಹಳೆಯ ಪಾಲುಗಳನ್ನೇ ಬಹುಮಟ್ಟಿಗೆ ಉಳಿಸಿಕೊಂಡ ಈ ಒಪ್ಪಂದವು ಜಗಳವನ್ನು ತಪ್ಪಿಸಿತೇ ಹೊರತು ಸಮುದ್ರವನ್ನು ತುಂಬಿಸಲಿಲ್ಲ. ಅಮು ದರ್ಯಾದ ಮೇಲ್ಭಾಗದಲ್ಲಿರುವ ಅಫ್ಘಾನಿಸ್ತಾನ ಈ ಕೂಟದ ಹೊರಗೇ ಉಳಿಯಿತು. 2022ರಲ್ಲಿ ಅದು ತನ್ನದೇ ದೊಡ್ಡ ಕಾಲುವೆಯನ್ನು ತೋಡಲಾರಂಭಿಸಿತು. ಯಶಸ್ಸು ಕಂಡದ್ದು ಮಿತವಾದ ಒಂದು ಕಾರ್ಯದಲ್ಲಿ. ಕಜಾಕಿಸ್ತಾನವು ವಿಶ್ವಬ್ಯಾಂಕಿನ ನೆರವಿನಿಂದ ಸಿರ್ ದರ್ಯಾದ ಕಾಲುವೆ, ತೂಬುಗಳನ್ನು ದುರಸ್ತಿಗೊಳಿಸಿ 2005ರಲ್ಲಿ ಕೊಕ್-ಅರಲ್ ಒಡ್ಡನ್ನು ಪೂರೈಸಿದ ನಂತರ ಉತ್ತರದ ಸಣ್ಣ ಭಾಗದಲ್ಲಿ ನೀರು ಏರಿತು, ಲವಣಾಂಶ ಇಳಿಯಿತು, ಮೀನು ಮರಳಿತು. ದಕ್ಷಿಣದ ಪೂರ್ವಭಾಗ 2014ರಲ್ಲಿ ಸಂಪೂರ್ಣ ಒಣಗಿತು.

ಉಪ್ಪಿನ ಪಾಠ

ಅರಲ್ ತಳದ ಉಪ್ಪು ದೂರದ್ದೆನಿಸಿದರೂ ಮಲಪ್ರಭಾ ಮತ್ತು ಮಹದಾಯಿ ಕಣಿವೆಗಳೆರಡರಲ್ಲಿಯೂ ಉಪ್ಪಿನ ಭಯ ಇದ್ದೇ ಇದೆ. ಎರೆಮಣ್ಣಿಗೆ ಬಸಿಗಾಲುವೆಯಿಲ್ಲದೆ ಅತಿಯಾಗಿ ನೀರು ಹಾಯಿಸಿದರೆ ತಳದ ಲವಣ ಮೇಲೇರಿ ಭೂಮಿ ಸವಳು ಜವಳಾಗುತ್ತದೆ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ನೀರು ಹೆಚ್ಚು ಕಂಡ ಹೊಲಗಳು ಹೀಗೆ ಕೆಟ್ಟಿದ್ದರೆ, ಕೊನೆಯಂಚಿನವು ನೀರಿಲ್ಲದೆ ಒಣಗಿದವು. ಅತ್ತ ಗೋವೆಯ ಆತಂಕವೂ ಉಪ್ಪಿನದೇ: ಮಾಂಡೋವಿಯ ಸಿಹಿನೀರಿನ ಹರಿವು ತಗ್ಗಿದರೆ ಕಡಲಿನ ಉಬ್ಬರ ಒಳನುಗ್ಗಿ, ಒಡ್ಡು ಕಟ್ಟಿ ಕಾಪಾಡಿಕೊಂಡು ಬಂದ ಖಜಾನ್ ಗದ್ದೆಗಳು ಹಾಳಾಗುವವೆಂಬುದು ಅಲ್ಲಿನ ವಾದ. ನವಲಗುಂದದ ರೈತನೂ ಖಜಾನಿನ ರೈತನೂ ಅಂಜುವುದು ಒಂದೇ ವಿಪತ್ತಿಗೆ. ಈ ಸಮಾನ ಭಯವು ಎರಡು ರಾಜ್ಯಗಳ ಮಾತುಕತೆಗೆ ತಳಹದಿಯಾಗಬಹುದಿತ್ತು. ದುರ್ದೈವದಿಂದ ಮಾತುಕತೆಯ ಸ್ಥಾನವನ್ನು ವಕೀಲರ ವಾದವೇ ಆಕ್ರಮಿಸಿಕೊಂಡಿತು.

ಮೇಲಿನ ಅಂಕಿಗಳು ಇನ್ನೊಂದು ಸಂಗತಿಯನ್ನು ಹೇಳುತ್ತವೆ. ದೊರೆತ 3.90 ಟಿಎಂಸಿ ಅಡಿ ನೀರು ರೇಣುಕಾ ಸಾಗರದ ಸಾಮರ್ಥ್ಯದ ಹತ್ತನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಕುಡಿಯುವ ನೀರಿಗೆ ಇದು ಅಮೂಲ್ಯವಾದುದು, ಅದರ ಮೇಲಿನ ಹಕ್ಕು ನ್ಯಾಯಸಮ್ಮತವಾದುದು. ಆದರೆ ಇಡೀ ಅಚ್ಚುಕಟ್ಟಿನ ಕೊರತೆಯನ್ನು ಇದೊಂದೇ ನೀಗಿಸಲಾರದು. ರಾಜ್ಯಗಳ ನಡುವಣ ಒಪ್ಪಂದದಷ್ಟೇ ಕಾಲುವೆಯ ತಲೆಯ ಮತ್ತು ಬಾಲದ ಊರುಗಳ ನಡುವಣ ಒಪ್ಪಂದವೂ ಅಗತ್ಯ. ಬೆಳೆಯ ಶಿಸ್ತು, ಸರದಿಯ ಪಾಲನೆ, ಬಸಿಗಾಲುವೆ ಇವು ಇದರ ಅಂಗಗಳು. ಬೆಣ್ಣಿಹಳ್ಳದ ನೆರೆಯನ್ನು ಹಿಡಿದಿಡುವುದೂ, ಕೃಷಿಹೊಂಡಗಳೂ, ಹಳೆಯ ಕೆರೆಗಳ ರಕ್ಷಣೆಯೂ ಇದರೊಡನೆ ಸೇರಬೇಕು. ಕೊಕ್-ಅರಲ್ ಒಡ್ಡಿನ ಅನುಭವವು ಸೂಚಿಸುವುದೂ ಇಂತಹ ಮಿತವಾದ, ನಿಶ್ಚಿತವಾದ ಕಾರ್ಯವನ್ನೇ.

1980ರಲ್ಲಿ ನವಲಗುಂದದ ರೈತರು ಎತ್ತಿದ ಪ್ರಶ್ನೆ ಸರಳವಾಗಿತ್ತು: ಲೆಕ್ಕದಲ್ಲಿರುವ ನೀರು ಹೊಲದಲ್ಲಿ ಏಕಿಲ್ಲ? ನ್ಯಾಯಮಂಡಳಿಯ ಐತೀರ್ಪು ಈ ಲೆಕ್ಕವನ್ನು ತಿದ್ದಿದೆ. ಹೊಲದ ಉತ್ತರವನ್ನು ಕೊಡಬೇಕಾದವರು ಮೂರು ರಾಜ್ಯಗಳ ಪ್ರತಿನಿಧಿಗಳಷ್ಟೇ ಅಲ್ಲ. ಕಣಕುಂಬಿಯ ಕಾಡಂಚಿನವರು, ಮುನವಳ್ಳಿಯ ಕಾಲುವೆಯ ತಲೆಯವರು, ಅಳಗವಾಡಿ ಯಮನೂರುಗಳ ಕೊನೆಯಂಚಿನವರು ಒಂದೇ ಚಾವಡಿಯಲ್ಲಿ ಕುಳಿತ ದಿನ ಆ ಉತ್ತರಕ್ಕೆ ಆರಂಭ ದೊರೆಯುತ್ತದೆ.