ಬಟವಾಡೆಯಿಂದ ಪಾಸ್‌ಬುಕ್ಕಿಗೆ

ಪಾಸ್‌ಬುಕ್ಕಿನ ಆ ಒಂದು ಪುಟದಲ್ಲಿ ಏಳು ಕಡೆ 59 ರೂಪಾಯಿ ಎಂದು ಅಚ್ಚಾಗಿತ್ತು. ನಡುನಡುವೆ 17 ರೂಪಾಯಿ 70 ಪೈಸೆ. ಪಾಲಿಬೆಟ್ಟದ ಹತ್ತಿರದ ತೋಟವೊಂದರ ಹಳೆಯ ಲೈನ್ ಮನೆಯ ಜಗಲಿಯಲ್ಲಿ ಕೂತು ಅಜ್ಜಿಯೊಬ್ಬರು ಅದನ್ನು ನನ್ನ ಕೈಗೆ ಕೊಟ್ಟು, "ಇದೇನು ಬರ್ದವ್ರೆ ಓದು ಮಗ" ಅಂದರು. ನಾನು ಓದಿದೆ. ಕನಿಷ್ಠ ಮೊತ್ತ ಇಡದ್ದಕ್ಕೆ 50 ರೂಪಾಯಿ ದಂಡ, ಅದರ ಮೇಲೆ ಶೇಕಡ 18ರ ಜಿಎಸ್‌ಟಿ 9 ರೂಪಾಯಿ. ಇನ್ನೊಂದು, ಮೂರು ತಿಂಗಳಿಗೊಮ್ಮೆ ಎಸ್‌ಎಂಎಸ್ ಕಳಿಸಿದ್ದಕ್ಕೆ. ಆ ಎಸ್‌ಎಂಎಸ್‌ಗಳು ಇಂಗ್ಲಿಷಿನಲ್ಲಿ, ಮೊಮ್ಮಗ ಯಾವಾಗಲೋ ಬಿಸಾಕಿದ ನಂಬರಿಗೆ ಹೋಗುತ್ತಿದ್ದವು.

"ನಾನು ಸಾಲ ತಗೊಂಡಿಲ್ಲ. ನನ್ನ ದುಡ್ಡು ಅಲ್ಲಿ ಇಟ್ಟದ್ದಕ್ಕೆ ನಾನೇ ಯಾಕೆ ಕೊಡ್ಬೇಕು?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ನಾನು ಅಲ್ಲಿಗೆ ಹೋದದ್ದು ಬ್ಯಾಂಕಿನ ವಿಚಾರ ಕೇಳಲಿಕ್ಕೂ ಅಲ್ಲ. ಕಾಫಿ ತೋಟಗಳಲ್ಲಿ ಕೂಲಿ ಹೇಗೆ ಲೆಕ್ಕವಾಗುತ್ತಿತ್ತು, ಹೇಗೆ ಕೈ ಸೇರುತ್ತಿತ್ತು ಎಂಬುದು ನನ್ನ ಸಂಶೋಧನೆಯ ಒಂದು ಅಧ್ಯಾಯ. ಬಟವಾಡೆ ದಿನದ ನೆನಪುಗಳಿಗಾಗಿ ಹೋಗಿದ್ದೆ. ಅಜ್ಜಿ ಅದನ್ನೂ ಹೇಳಿದರು. ರೈಟರು ಚೆಕ್‌ರೋಲ್ ನೋಡಿ ಹೆಸರು ಕೂಗುವುದು, ಸಾಲಿನಲ್ಲಿ ನಿಂತವರು ಒಬ್ಬೊಬ್ಬರೇ ಹೋಗಿ ಹೆಬ್ಬೆಟ್ಟು ಒತ್ತುವುದು, ನೋಟು ಎಣಿಸಿ ಸೆರಗಿಗೆ ಕಟ್ಟಿಕೊಳ್ಳುವುದು. ಆದರೆ ಮಾತು ಮತ್ತೆ ಮತ್ತೆ 59ಕ್ಕೇ ಬಂದು ನಿಲ್ಲುತ್ತಿತ್ತು. ತಿಂಗಳಿಗೆ ಸಾವಿರ ಚಿಲ್ಲರೆ ಪಿಂಚಣಿ ಬರುವವರಿಗೆ ಅದು ಚಿಕ್ಕ ಮೊತ್ತವಲ್ಲ.

ಕೂಲಿಗೂ ಕೂಲಿಯವರ ಕೈಗೂ ನಡುವೆ ಯಾರೋ ಒಬ್ಬರು ನಿಂತಿರುವುದು ಕೊಡಗಿಗೆ ಹೊಸತಲ್ಲ. 1834ರಲ್ಲಿ ಕೊಡಗು ಕಂಪನಿ ಸರ್ಕಾರದ ಕೈಗೆ ಹೋಯಿತು. 1850ರ ದಶಕದಿಂದ ಯುರೋಪಿಯನ್ನರ ತೋಟಗಳು ಎದ್ದವು. ಕಾಡು ಕಡಿಯಲು, ಗುಂಡಿ ತೋಡಲು, ಹಣ್ಣು ಕುಯ್ಯಲು ಸ್ಥಳೀಯ ಎರವರು, ಕುರುಬರು ಸಾಲದಾದಾಗ ಮೈಸೂರು ಸೀಮೆಯಿಂದ, ದಕ್ಷಿಣ ಕನ್ನಡದಿಂದ ಆಳುಗಳು ಬರಬೇಕಾಯಿತು. ಅವರನ್ನು ತರುವವನು ಮೇಸ್ತ್ರಿ. ದೊರೆ ಮೇಸ್ತ್ರಿಗೆ ಮುಂಗಡ ಕೊಡುತ್ತಾನೆ, ಮೇಸ್ತ್ರಿ ಊರಿಗೆ ಹೋಗಿ ಮನೆಮನೆಗೆ ಮುಂಗಡ ಹಂಚಿ ಆಳು ಕರೆತರುತ್ತಾನೆ. ಅವರು ದುಡಿದದ್ದರ ಮೇಲೆ ಅವನಿಗೆ ಕಮಿಷನ್. ಮುಂಗಡ ತೀರುವವರೆಗೆ ಆಳು ಬಿಡುವಂತಿಲ್ಲ. ಬಿಟ್ಟು ಹೋದರೆ 1859ರ ಕರಾರುಭಂಗದ ಕಾಯ್ದೆಯ ಪ್ರಕಾರ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕು, ಜೈಲೂ ಆಗಬಹುದು. ಆ ಕಾಯ್ದೆ 1920ರ ದಶಕದವರೆಗೂ ಬದುಕಿತ್ತು.

ಈ ಮುಂಗಡದ ಹಣ ಎಲ್ಲಿಂದ ಬರುತ್ತಿತ್ತು ಎನ್ನುವುದು ನನಗೆ ಇಷ್ಟವಾದ ವಿಷಯ. ಕಾಫಿ ಇಳಿದ ದಾರಿಯಲ್ಲೇ ದುಡ್ಡು ಹತ್ತಿ ಬರುತ್ತಿತ್ತು. ದಕ್ಷಿಣ ಕೊಡಗಿನ ಕಾಫಿ ಘಟ್ಟ ಇಳಿದು ತಲಶ್ಶೇರಿಗೆ, ಉತ್ತರದ್ದು ಮಂಗಳೂರಿಗೆ ಹೋಗುತ್ತಿತ್ತು. ಅಲ್ಲಿನ ಕ್ಯೂರಿಂಗ್ ವರ್ಕ್ಸ್‌ಗಳ ಕಂಪನಿಗಳು ಬರಲಿರುವ ಬೆಳೆಯ ಮೇಲೆ ತೋಟದವರಿಗೆ ಸಾಲ ಕೊಡುತ್ತಿದ್ದವು. ಅಂದರೆ ದೊರೆಯೂ ಮುಂಗಡದಲ್ಲೇ ಇದ್ದ. ವ್ಯತ್ಯಾಸವೆಂದರೆ ಅವನು ಬಿಟ್ಟು ಹೋದರೆ ಜೈಲಿಗೆ ಹಾಕುವ ಕಾಯ್ದೆ ಇರಲಿಲ್ಲ.

ಬ್ಯಾಂಕುಗಳು ಬಂದದ್ದೂ ಕರಾವಳಿಯಿಂದಲೇ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1934ರಲ್ಲಿ ಮಡಿಕೇರಿಯಲ್ಲಿ ಶಾಖೆ ತೆರೆಯಿತು. 1925ರಲ್ಲಿ ಅದೇ ಉಡುಪಿಯಲ್ಲಿ ಶುರುವಾದ, ನಾವು ಸಿಂಡಿಕೇಟ್ ಬ್ಯಾಂಕ್ ಎಂದು ಕರೆಯುವ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟ್ ದಿನಾ ಮನೆಗೆ, ಅಂಗಡಿಗೆ ಬಂದು ಎರಡಾಣೆಯನ್ನಾದರೂ ತೆಗೆದುಕೊಂಡು ಹೋಗುತ್ತಿದ್ದ. ಸಣ್ಣ ದುಡ್ಡು ಇದ್ದವರನ್ನು ಹುಡುಕಿಕೊಂಡು ಬ್ಯಾಂಕೇ ಬರುತ್ತಿದ್ದ ಕಾಲ ಅದು. ಕನಿಷ್ಠ ಮೊತ್ತಕ್ಕೆ ದಂಡ ಹಾಕುವ ಕಾಲದಲ್ಲಿ ನಿಂತು ನೋಡಿದರೆ ಇದು ಕಟ್ಟುಕತೆಯಂತೆ ಕೇಳುತ್ತದೆ. ಈ ಎರಡೂ ಬ್ಯಾಂಕುಗಳ ಹೆಸರು ಈಗ ಇಲ್ಲ. 2020ರ ಏಪ್ರಿಲ್ 1ರಂದು ಒಂದು ಯೂನಿಯನ್ ಬ್ಯಾಂಕಿನಲ್ಲಿ, ಇನ್ನೊಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋದವು.

ಬೆಳೆಗಾರನಿಗೆ ಬ್ಯಾಂಕ್ ಖಾತೆ ಬೇಗ ಅನಿವಾರ್ಯವಾಯಿತು. 1940ರ ದಶಕದಿಂದ 1990ರ ದಶಕದವರೆಗೆ ಅವನು ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಕೊಡಬೇಕಿತ್ತು. ಹಣ ಕಂತುಕಂತಾಗಿ ಬರುತ್ತಿತ್ತು. ಅದು ಬರುವವರೆಗೆ ಸಾಲ ಬೇಕು. ಪಾಲಿಬೆಟ್ಟವಂತೂ ಕಂಪನಿ ತೋಟಗಳ ಊರು. 1943ರಲ್ಲಿ ಹಲವು ತೋಟಗಳು ಸೇರಿ ಆದ ಕನ್ಸಾಲಿಡೇಟೆಡ್ ಕಾಫಿ, ಮುಂದೆ ಟಾಟಾ ಕಾಫಿಯಾಗಿ, ಇಲ್ಲೇ ಕಚೇರಿ ಇಟ್ಟುಕೊಂಡಿತ್ತು. ಹೀಗೆ ಊರಿನಲ್ಲಿ ಚೆಕ್ಕು, ಡ್ರಾಫ್ಟು ಓಡಾಡುತ್ತಿದ್ದರೂ ಲೈನಿನವರೆಗೆ ಬರುತ್ತಿದ್ದದ್ದು ನೋಟು ಮತ್ತು ಚಿಲ್ಲರೆ ಮಾತ್ರ.

ಇದಕ್ಕೆ ಒಂದು ಕಾನೂನಿನ ಕಾರಣವೂ ಇದೆ. 1936ರ ವೇತನ ಪಾವತಿ ಕಾಯ್ದೆಯ 6ನೇ ಕಲಮು, ಕೂಲಿಯನ್ನು ಚಲಾವಣೆಯ ನಾಣ್ಯದಲ್ಲಿ ಅಥವಾ ನೋಟಿನಲ್ಲೇ ಕೊಡಬೇಕು ಎಂದಿತು. ಮೊದಲಿಗೆ ಕಾರ್ಖಾನೆ, ರೈಲ್ವೆಗಳಿಗೆ ಬಂದ ಆ ಕಾಯ್ದೆಯನ್ನು ತೋಟಗಳಿಗೂ ವಿಸ್ತರಿಸಲು ಸರ್ಕಾರಗಳಿಗೆ ಅವಕಾಶವಿತ್ತು. ನಗದೇ ಏಕೆ? ದುಡಿದವರಿಗೆ ಮಾಲೀಕನ ಅಂಗಡಿಯ ಚೀಟಿ, ಅಕ್ಕಿ, ಬಟ್ಟೆ ಕೊಟ್ಟು ಸಾಗಹಾಕುವುದು ಲೋಕದ ಎಲ್ಲ ಕಡೆ ಇತ್ತು. ಬ್ರಿಟನ್ನಿನಲ್ಲಿ ಇದನ್ನು ತಡೆಯಲು 1831ರಲ್ಲೇ ಕಾನೂನು ಬಂದಿತ್ತು. ನಗದು ಎಂದರೆ ಯಾರ ಅಂಗಡಿಯಲ್ಲಾದರೂ ಖರ್ಚು ಮಾಡಬಹುದಾದ, ಯಾರ ಅಪ್ಪಣೆಯೂ ಬೇಡದ ಹಣ. ಬೇರೆ ಯಾವ ಕಲಮಿಗಿಂತಲೂ ಈ ಪುಟ್ಟ ಕಲಮು ನನಗೆ ದೊಡ್ಡದಾಗಿ ಕಾಣುತ್ತದೆ.

1976ರ ತಿದ್ದುಪಡಿ ಚೆಕ್ಕಿಗೆ, ಬ್ಯಾಂಕ್ ಜಮೆಗೆ ಬಾಗಿಲು ತೆರೆಯಿತು. ಆದರೆ ಕೆಲಸಗಾರ ಬರೆದು ಒಪ್ಪಿಗೆ ಕೊಟ್ಟರೆ ಮಾತ್ರ. ಆ ಒಪ್ಪಿಗೆ ನಲವತ್ತು ವರ್ಷ ಉಳಿಯಿತು. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟುಗಳು ರದ್ದಾದವು. ಕೊಡಗಿನಲ್ಲಿ ಅರೇಬಿಕಾ ಹಣ್ಣು ಕುಯ್ಲು ಶುರುವಾಗುವ ಹೊತ್ತು. ಚಾಲ್ತಿ ಖಾತೆಯಿಂದ ವಾರಕ್ಕೆ 50 ಸಾವಿರ ಮಾತ್ರ ತೆಗೆಯಬಹುದು ಎಂದರೆ ನೂರಾರು ಜನರಿಗೆ ಬಟವಾಡೆ ಹೇಗೆ ಮಾಡುವುದು? ಅಜ್ಜಿಯ ನೆನಪಿನಲ್ಲಿ ಆ ಡಿಸೆಂಬರ್ ಎಂದರೆ ಅಂಗಡಿಯ ಸಾಲದ ಪುಸ್ತಕ ಮತ್ತು ಆಧಾರ್ ಕಾರ್ಡಿನ ಜೆರಾಕ್ಸ್. ತೋಟದ ಆಫೀಸಿನಲ್ಲೇ ಕೂರಿಸಿ ಎಲ್ಲರಿಗೂ ಖಾತೆ ಮಾಡಿಸಿದರಂತೆ. ಡಿಸೆಂಬರ್ 28ರಂದು ಬಂದ ಸುಗ್ರೀವಾಜ್ಞೆ, ಆಮೇಲೆ 2017ರ ತಿದ್ದುಪಡಿ, ಬರಹದ ಒಪ್ಪಿಗೆಯನ್ನು ತೆಗೆದುಹಾಕಿದವು. 2019ರ ವೇತನ ಸಂಹಿತೆಯಲ್ಲಿ ನಾಣ್ಯ, ನೋಟು, ಚೆಕ್, ಬ್ಯಾಂಕ್ ಜಮೆ ಎಲ್ಲವೂ ಒಂದೇ ಸಾಲಿನಲ್ಲಿ ಕೂತಿವೆ.

ಇದನ್ನು ಬರೀ ನಷ್ಟದ ಕತೆಯಾಗಿ ಬರೆಯಲು ಹೊರಟಿದ್ದೆ. ಅಜ್ಜಿ ಬಿಡಲಿಲ್ಲ. "ಕೈಯಲ್ಲಿ ಕೊಡ್ತಿದ್ದಾಗ ಬಟವಾಡೆ ದಿನ ಸಂಜೆ ಒಳಗೆ ಅರ್ಧ ಹೋಗ್ತಿತ್ತು. ಸೊಸೆ ದುಡ್ಡು ಸೊಸೆ ಹೆಸರಲ್ಲೇ ಬೀಳ್ತದೆ ಈಗ. ಕೇಳೋಕೆ ಗಂಡಂಗೆ ಆಗಲ್ಲ." ಗೇಟಿನ ಹೊರಗೆ ಕಾಯುತ್ತಿದ್ದ ಬಡ್ಡಿಯವರ ವಿಷಯವನ್ನೂ ಹೇಳಿದರು. ಪಕ್ಕದ ಲೈನಿನಲ್ಲಿ ಅಸ್ಸಾಮಿನಿಂದ ಬಂದ ಹುಡುಗರಿದ್ದಾರೆ. ಅವರು ಮರದ ಕೆಳಗೆ ನಿಂತು ಫೋನಿನಲ್ಲೇ ಮನೆಗೆ ಹಣ ಕಳಿಸುತ್ತಾರೆ, ಒಂದು ಪೈಸೆಯೂ ಖರ್ಚಿಲ್ಲದೆ. ಊರಿಗೆ ಹೋಗುವವರ ಕೈಯಲ್ಲಿ ಕಳಿಸುವ, ಮನಿಯಾರ್ಡರಿಗೆ ಕಮಿಷನ್ ಕೊಡುವ ಕಷ್ಟ ಅವರಿಗಿಲ್ಲ. 2016ರ ಏಪ್ರಿಲ್‌ನಲ್ಲಿ ಬಂದ ಯುಪಿಐ ಮಾಡಿದ ಈ ಕೆಲಸವನ್ನು ಅಲ್ಲಗಳೆಯಲಾಗದು.

ಆದರೆ ಫೋನಿಲ್ಲದ ಅಜ್ಜಿಗೆ ಎಲ್ಲದಕ್ಕೂ ರೇಟಿದೆ. ಉಚಿತ ಮಿತಿ ದಾಟಿ ಎಟಿಎಮ್ಮಿನಿಂದ ತೆಗೆದರೆ ಒಂದು ಸಲಕ್ಕೆ 23 ರೂಪಾಯಿವರೆಗೆ ಹಾಕಬಹುದು ಎಂಬುದು 2025ರ ಮೇ ತಿಂಗಳಿಂದ ಇರುವ ನಿಯಮ. 2023ರಲ್ಲಿ ಸರ್ಕಾರ ರಾಜ್ಯಸಭೆಗೆ ಕೊಟ್ಟ ಲೆಕ್ಕದಂತೆ, 2018ರಿಂದೀಚೆಗೆ ಸಾರ್ವಜನಿಕ ವಲಯದ ಬ್ಯಾಂಕುಗಳು ಮತ್ತು ಐದು ದೊಡ್ಡ ಖಾಸಗಿ ಬ್ಯಾಂಕುಗಳು ಕನಿಷ್ಠ ಮೊತ್ತದ ದಂಡ, ಹೆಚ್ಚುವರಿ ಎಟಿಎಂ ಬಳಕೆ, ಎಸ್‌ಎಂಎಸ್, ಈ ಮೂರರಿಂದಲೇ 35 ಸಾವಿರ ಕೋಟಿಗೂ ಹೆಚ್ಚು ಸಂಗ್ರಹಿಸಿದ್ದವು. ಸ್ಟೇಟ್ ಬ್ಯಾಂಕ್ 2020ರಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್‌ನಲ್ಲಿ ಉಳಿತಾಯ ಖಾತೆಯ ಕನಿಷ್ಠ ಮೊತ್ತದ ದಂಡ ಕೈಬಿಟ್ಟವು. ಅಜ್ಜಿಯ ಬ್ಯಾಂಕ್ ಬಿಟ್ಟಿರಲಿಲ್ಲ.

ದಂಡ ಶುರುವಾದದ್ದು ಹೇಗೆ ಎಂಬುದು ಪುಟ ತಿರುವಿದಾಗ ಗೊತ್ತಾಯಿತು. ತೋಟ ಮಾಡಿಸಿಕೊಟ್ಟದ್ದು ಸಂಬಳದ ಖಾತೆ. ಸಂಬಳ ಬೀಳುವವರೆಗೆ ಕನಿಷ್ಠ ಮೊತ್ತ ಬೇಕಿಲ್ಲ. ಅಜ್ಜಿ ನಿವೃತ್ತರಾದರು, ಸಂಬಳ ನಿಂತಿತು, ಕೆಲವು ತಿಂಗಳಲ್ಲಿ ಖಾತೆ ತಾನಾಗಿ ಸಾಮಾನ್ಯ ಖಾತೆಯಾಯಿತು. ದುಡಿಮೆ ನಿಂತ ಮೇಲೆ ದಂಡ. ರಿಸರ್ವ್ ಬ್ಯಾಂಕ್ 2012ರಲ್ಲಿ ಮಾಡಿದ ಮೂಲ ಉಳಿತಾಯ ಖಾತೆಗೆ ಕನಿಷ್ಠ ಮೊತ್ತ ಇಲ್ಲ, ಇರುವ ಖಾತೆಯನ್ನು ಅದಕ್ಕೆ ಬದಲಿಸಿಕೊಡಿ ಎಂದು ಕೇಳಬಹುದು. ಆದರೆ ಕೇಳಬೇಕು ಎಂದು ತಿಳಿದಿರಬೇಕಲ್ಲ.

ಮುಂದಿನ ಸೋಮವಾರ ಇಬ್ಬರೂ ಬ್ಯಾಂಕಿಗೆ ಹೋದೆವು. ಕನ್ನಡದಲ್ಲೇ ಅರ್ಜಿ ಬರೆದೆ, ಅಜ್ಜಿ ಹೆಬ್ಬೆಟ್ಟು ಒತ್ತಿದರು. ಕೌಂಟರಿನವರು ಸೀಲು ಹಾಕಿದ ಪ್ರತಿ ಕೊಡಲು ಮೊದಲು ಹಿಂಜರಿದರು, ಆಮೇಲೆ ಕೊಟ್ಟರು. ಕಡಿತವಾದ ಹಣ ವಾಪಸ್ ಬರುತ್ತದೆಯೇ ಎಂದು ಕೇಳಿದ್ದಕ್ಕೆ ಮೇಲಿನವರನ್ನು ಕೇಳಬೇಕು ಅಂದರು. ವಾಪಸ್ಸು ಬರಲು ಹತ್ತಿದ ಆಟೋಕ್ಕೆ ನಾನು ಫೋನ್ ತೆಗೆಯುವಷ್ಟರಲ್ಲಿ ಅಜ್ಜಿ ಸೊಂಟದ ಚೀಲದಿಂದ ನಾಲ್ಕು ಹತ್ತರ ನೋಟು ಎಣಿಸಿ ಕೊಟ್ಟಾಗಿತ್ತು.